ಒಬ್ಬ ಹುಡುಗನ ಮುಷ್ಟಿಯ ಮೇಲೆ ಸಮುದಾಯದ ಮಾನವೇ?

ತನ್ನ ಬಗ್ಗೆ ತನಗೇ ಅಳುಕಿರುವ ಸಮುದಾಯಕ್ಕೆ ವೀರರ ಹಸಿವು ಹೆಚ್ಚು. ಜಗತ್ತಿನ ಯಾವುದೋ ಮೂಲೆಯಲ್ಲಿ ಮುಸ್ಲಿಮ್ ಹೆಸರಿನ ಆಟಗಾರನೊಬ್ಬ ಗೆದ್ದರೆ ಆತನ ಚಿತ್ರ ನಮ್ಮ ಅಂಗಡಿಗಳ ಗೋಡೆಗೆ ಬರುತ್ತದೆ. ಸೋತ ಮರುದಿನ ಆ ಚಿತ್ರ ಕಾಣೆಯಾಗುತ್ತದೆ. ಗೆಲುವಿನ ಹಿಂದೆ ಯಾರ ದುಡಿಮೆಯಿತ್ತು, ಸೋಲಿನ ಹಿಂದೆ ಯಾರ ವ್ಯಾಪಾರವಿತ್ತು ಎಂದು ಕೇಳುವ ಅಭ್ಯಾಸವನ್ನು ನಾವು ಬೆಳೆಸಿಕೊಂಡಿಲ್ಲ. ಆದ್ದರಿಂದಲೇ ಆರಂಭದಿಂದ ಅಂತ್ಯದವರೆಗೆ ಕಣ್ಣ ಮುಂದಿರುವ ಒಂದು ಕ್ರೀಡಾ ಬದುಕನ್ನು ಆವೇಶವಿಲ್ಲದೆ ತೂಗಿ ನೋಡುವುದು ಅಗತ್ಯವೆಂದು ನಾವು ಭಾವಿಸುತ್ತೇವೆ. ಅದು ಬ್ರಿಟನ್ನಿನ ಬಾಕ್ಸರ್ ಅಮೀರ್ ಖಾನ್‌ರ ಬದುಕು. ಹಿಂದಿ ಚಿತ್ರನಟನಲ್ಲ, 2004ರ ಅಥೆನ್ಸ್ ಒಲಿಂಪಿಕ್ಸ್‌ನ ಲೈಟ್‌ವೇಟ್ ವಿಭಾಗದಲ್ಲಿ 17ನೇ ವಯಸ್ಸಿಗೇ ಬೆಳ್ಳಿ ಪದಕ ಗೆದ್ದ ಹುಡುಗ.

1986ರ ಡಿಸೆಂಬರ್ 8ರಂದು ಅಮೀರ್ ಹುಟ್ಟಿದ ಬೋಲ್ಟನ್, ಮ್ಯಾಂಚೆಸ್ಟರ್ ಸಮೀಪದ ಹತ್ತಿ ಗಿರಣಿಗಳ ಪಟ್ಟಣ. ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ಪಾಕಿಸ್ತಾನ ಮತ್ತು ಭಾರತದಿಂದ ಸಾವಿರಾರು ಕುಟುಂಬಗಳು ಆ ಭಾಗದ ಗಿರಣಿಗಳಿಗೆ ಕೂಲಿಗಾಗಿ ಹೋದವು. ಅಮೀರ್‌ರ ಹಿರಿಯರು ರಾವಲ್ಪಿಂಡಿ ಜಿಲ್ಲೆಯವರು. ಕಾಲಕ್ರಮದಲ್ಲಿ ಗಿರಣಿಗಳು ಮುಚ್ಚಿದವು, ಕುಟುಂಬಗಳು ಅಲ್ಲಿಯೇ ಉಳಿದವು. 2001ರ ಬೇಸಿಗೆಯಲ್ಲಿ ಓಲ್ಡ್‌ಹ್ಯಾಮ್, ಬರ್ನ್‌ಲಿ ಮತ್ತು ಬ್ರಾಡ್‌ಫರ್ಡ್ ಪಟ್ಟಣಗಳಲ್ಲಿ ಗಲಭೆಗಳಾದಾಗ, ಅಲ್ಲಿನ ಬಿಳಿಯರೂ ಏಷ್ಯನ್ನರೂ ಒಂದೇ ಊರಿನಲ್ಲಿದ್ದರೂ ಪರಸ್ಪರ ಸಂಧಿಸದ ಸಮಾನಾಂತರ ಬದುಕು ಬಾಳುತ್ತಿದ್ದಾರೆಂದು ತನಿಖಾ ತಂಡವೊಂದು ವರದಿ ಸಲ್ಲಿಸಿತು. ಅಮೀರ್‌ಗೆ ಆಗ ಹದಿನಾಲ್ಕು ವರ್ಷ.

ಅಷ್ಟರಲ್ಲಾಗಲೇ ಆ ಹುಡುಗ ಪಕ್ಕದ ಬ್ಯುರಿ ಪಟ್ಟಣದ ಅಮೆಚೂರ್ ಬಾಕ್ಸಿಂಗ್ ಕ್ಲಬ್ಬಿಗೆ ಹೋಗುತ್ತಿದ್ದ. ಅಲ್ಲಿ ಆತನನ್ನು ತಿದ್ದಿದವರು ಮಿಕ್ ಜೆಲ್ಲಿ ಎಂಬ ಆಂಗ್ಲ ತರಬೇತುದಾರರು. ಹನ್ನೊಂದನೇ ವಯಸ್ಸಿನಿಂದ ಸ್ಪರ್ಧೆಗಳು ಆರಂಭವಾದವು. ಶಾಲಾ ಮಟ್ಟದ ರಾಷ್ಟ್ರೀಯ ಪ್ರಶಸ್ತಿಗಳು, 2003ರ ಜೂನಿಯರ್ ಒಲಿಂಪಿಕ್ಸ್‌ನ ಚಿನ್ನ, 2004ರಲ್ಲಿ ದಕ್ಷಿಣ ಕೊರಿಯಾದಲ್ಲಿ ನಡೆದ ವಿಶ್ವ ಜೂನಿಯರ್ ಚಾಂಪಿಯನ್‌ಷಿಪ್‌ನ ಲೈಟ್‌ವೇಟ್ ಚಿನ್ನ, ಹೀಗೆ ಒಂದೊಂದೇ ಮೆಟ್ಟಿಲು. ಗಲಭೆಯ ಹೊಗೆ ಆರದ ನಾಡಿನಲ್ಲಿ ಪಾಕಿಸ್ತಾನಿ ಮೂಲದ ಹುಡುಗನೊಬ್ಬ ಬಿಳಿಯ ಗುರುವಿನ ಕೈಕೆಳಗೆ ದಿನವೂ ಬೆವರು ಸುರಿಸುತ್ತಿದ್ದ. ಸಮಾನಾಂತರ ಬದುಕುಗಳು ಸಂಧಿಸುವ ಜಾಗ ಅಲ್ಲೊಂದಿತ್ತು. ಅದಕ್ಕೆ ಯಾವ ಪತ್ರಿಕೆಯೂ ಶೀರ್ಷಿಕೆ ಕೊಟ್ಟಿರಲಿಲ್ಲ.

ಅಥೆನ್ಸ್‌ಗೆ ಬ್ರಿಟನ್ ಕಳುಹಿಸಿದ್ದು ಒಬ್ಬನೇ ಬಾಕ್ಸರನನ್ನು, ಈ ಹದಿನೇಳರ ಹುಡುಗನನ್ನು. ಅಂದಿನ ಅಮೆಚೂರ್ ನಿಯಮಗಳನ್ನು ಓದುಗರು ತಿಳಿದಿರಬೇಕು. ಲೈಟ್‌ವೇಟ್ ಎಂದರೆ 60 ಕೆ.ಜಿ. ಮಿತಿ. ಎರಡೆರಡು ನಿಮಿಷಗಳ ನಾಲ್ಕೇ ಸುತ್ತು. ತಲೆಗೆ ರಕ್ಷಣಾ ಕವಚ, ಮೈಗೆ ಬನಿಯನ್. ರಿಂಗಿನ ಸುತ್ತ ಐವರು ತೀರ್ಪುಗಾರರು ಗುಂಡಿಗಳ ಮುಂದೆ ಕುಳಿತಿರುತ್ತಿದ್ದರು. ಒಂದು ಏಟು ಸರಿಯಾಗಿ ತಾಗಿತೆಂದು ಕನಿಷ್ಠ ಮೂವರು ಒಂದೇ ಕ್ಷಣದ ಅಂತರದಲ್ಲಿ ಗುಂಡಿ ಒತ್ತಿದರೆ ಒಂದು ಅಂಕ. ಎದುರಾಳಿಯನ್ನು ಉರುಳಿಸಿದ ಏಟಿಗೂ ಹಗುರವಾಗಿ ತಾಗಿದ ಏಟಿಗೂ ಅಂಕ ಒಂದೇ. ಅರ್ಥಾತ್, ಗೆಲ್ಲಲು ಬೇಕಾದದ್ದು ಚುರುಕು ಕಾಲು, ತೀಕ್ಷ್ಣ ಕಣ್ಣು ಮತ್ತು ಸಂಯಮ. ಎದುರಾಳಿಯ ಪ್ರಜ್ಞೆ ತಪ್ಪಿಸುವುದು ಅಲ್ಲಿ ಗೆಲುವಿನ ಅನಿವಾರ್ಯ ಮಾರ್ಗವಾಗಿರಲಿಲ್ಲ.

ಗ್ರೀಸ್, ಬಲ್ಗೇರಿಯ, ದಕ್ಷಿಣ ಕೊರಿಯಾ ಮತ್ತು ಕಝಕಸ್ತಾನದ ಸ್ಪರ್ಧಿಗಳನ್ನು ದಾಟಿ ಅಮೀರ್ ಫೈನಲ್ ತಲುಪಿದರು. ಬ್ರಿಟನ್ನಿನ ಧ್ವಜದ ಬಣ್ಣಗಳಿದ್ದ ವೇಸ್ಟ್‌ಕೋಟ್ ತೊಟ್ಟು ಪ್ರೇಕ್ಷಕರ ನಡುವೆ ಕುಳಿತ ತಂದೆ ಷಾ ಖಾನ್‌ರ ಚಿತ್ರ ದೇಶವಿಡೀ ಪ್ರಸಿದ್ಧವಾಯಿತು. ಆಗಸ್ಟ್ 29ರ ಫೈನಲ್‌ನಲ್ಲಿ ಎದುರಿದ್ದವರು ಸಿಡ್ನಿಯಲ್ಲಿಯೂ ಚಿನ್ನ ಗೆದ್ದಿದ್ದ ಕ್ಯೂಬಾದ ಮಾರಿಯೊ ಕಿಂಡೆಲಾನ್. ವಯಸ್ಸು 33, ಹುಡುಗನ ಹೆಚ್ಚುಕಡಿಮೆ ಎರಡು ಪಟ್ಟು. 30-22ರಿಂದ ಅಮೀರ್ ಸೋತರು. ಮರುವರ್ಷ ಮೇ ತಿಂಗಳಲ್ಲಿ ಬೋಲ್ಟನ್‌ನಲ್ಲೇ ಅದೇ ಕಿಂಡೆಲಾನ್‌ರನ್ನು 19-13ರಿಂದ ಸೋಲಿಸಿ ಅಮೆಚೂರ್ ಬದುಕಿಗೆ ವಿದಾಯ ಹೇಳಿದರು.

ಇಬ್ಬರ ದಾರಿಗಳು ಇಲ್ಲಿ ಬೇರೆಯಾಗುತ್ತವೆ. ಕ್ಯೂಬಾ 1962ರಲ್ಲಿ ವೃತ್ತಿಪರ ಕ್ರೀಡೆಯನ್ನೇ ನಿಷೇಧಿಸಿತ್ತು. ಆ ನಿಷೇಧ ಬಾಕ್ಸಿಂಗ್‌ನಲ್ಲಿ ಸಡಿಲಗೊಂಡದ್ದು 2022ರಲ್ಲಿ. ಎರಡು ಒಲಿಂಪಿಕ್ ಚಿನ್ನ ಗೆದ್ದ ಕಿಂಡೆಲಾನ್‌ರ ಮುಂದೆ ಮಾರುಕಟ್ಟೆ ತೆರೆದಿರಲಿಲ್ಲ. ಬ್ರಿಟನ್ನಿನ ಹುಡುಗನ ಮುಂದೆ ಅದು ಬಾಗಿಲು ತೆರೆದು ಕಾದಿತ್ತು. ಫ್ರಾಂಕ್ ವಾರನ್ ಎಂಬ ಪ್ರವರ್ತಕರೊಂದಿಗೆ ಒಪ್ಪಂದವಾಯಿತು. ಕ್ಯೂಬಾದ ದಾರಿಯೇ ಸರಿಯೆಂದು ನಾವು ಹೇಳುತ್ತಿಲ್ಲ. ಅಲ್ಲಿ ಆಯ್ಕೆ ಆಟಗಾರನದಾಗಿರಲಿಲ್ಲ, ಪ್ರಭುತ್ವದ್ದಾಗಿತ್ತು. ಆದರೆ ಬಡ್ಡಿ, ಜೂಜು ಮತ್ತು ಜಾಹೀರಾತುಗಳ ಲೋಕದೊಳಗೆ ಹದಿನೆಂಟರ ಹುಡುಗನೊಬ್ಬ ಕಾಲಿಡುವಾಗ ಆತನ ಆಯ್ಕೆ ಎಷ್ಟು ಸ್ವತಂತ್ರ ಎಂಬ ಪ್ರಶ್ನೆಯನ್ನು ಕೇಳದಿರಲಾಗದು.

2005ರ ಜುಲೈ 16ರಂದು ಬೋಲ್ಟನ್‌ನಲ್ಲಿ ಅಮೀರ್‌ರ ಮೊದಲ ವೃತ್ತಿಪರ ಪಂದ್ಯ ನಡೆಯಿತು. ಅದಕ್ಕೆ ಒಂಬತ್ತು ದಿನ ಮೊದಲು, ಜುಲೈ 7ರಂದು, ಲಂಡನ್ನಿನ ರೈಲುಗಳಲ್ಲಿ ಮತ್ತು ಒಂದು ಬಸ್ಸಿನಲ್ಲಿ ಬಾಂಬ್ ಸ್ಫೋಟಗೊಂಡು 52 ಅಮಾಯಕರು ಹತರಾಗಿದ್ದರು. ಕೃತ್ಯವೆಸಗಿದ ನಾಲ್ವರಲ್ಲಿ ಮೂವರು ಪಾಕಿಸ್ತಾನಿ ಮೂಲದ ಬ್ರಿಟಿಷ್ ಯುವಕರು. ಅತಿ ಕಿರಿಯವನ ವಯಸ್ಸು ಹದಿನೆಂಟು, ಅಮೀರ್‌ರ ವಯಸ್ಸೇ. ಒಂದೇ ತಲೆಮಾರಿನ ಇಬ್ಬರು ಹುಡುಗರ ಚಿತ್ರಗಳನ್ನು ಮಾಧ್ಯಮಗಳು ಅಕ್ಕಪಕ್ಕ ಇಟ್ಟು ನೋಡಿದವು. ಅಂದಿನಿಂದ ಅಮೀರ್ ಬರಿಯ ಬಾಕ್ಸರ್ ಆಗಿ ಉಳಿಯಲಿಲ್ಲ. 'ಒಳ್ಳೆಯ ಮುಸ್ಲಿಮ್' ಹೇಗಿರಬೇಕೆಂಬುದಕ್ಕೆ ಉದಾಹರಣೆಯಾಗುವ ಹೊರೆಯೂ ಆತನ ಹೆಗಲೇರಿತು. ಕೊಲೆಗಾರರ ಪಾಪಕ್ಕೆ ಸಮುದಾಯವೇ ಜವಾಬುದಾರಿ ಎನ್ನುವುದು ಎಷ್ಟು ಅನ್ಯಾಯವೋ, ಆ ಜವಾಬುದಾರಿಯ ಪರಿಹಾರವನ್ನು ಒಬ್ಬ ಹುಡುಗನ ಮುಷ್ಟಿಯಿಂದ ನಿರೀಕ್ಷಿಸುವುದೂ ಅಷ್ಟೇ ಅನ್ಯಾಯ.

ಹೊರೆ ಹೊರಿಸಿದವರು ಅನ್ಯರು ಮಾತ್ರವೇ? 2006ರಲ್ಲಿ ಲೀಡ್ಸ್‌ನ ಹೆಡಿಂಗ್ಲಿ ಮೈದಾನದಲ್ಲಿ ಇಂಗ್ಲೆಂಡ್ ಪರ ಪಾಕಿಸ್ತಾನದ ವಿರುದ್ಧ ಬೌಲ್ ಮಾಡುತ್ತಿದ್ದ ಸಾಜಿದ್ ಮಹ್ಮೂದ್‌ರನ್ನು 'ದ್ರೋಹಿ' ಎಂದು ಕೂಗಿ ಹೀಯಾಳಿಸಿದವರು ಪಾಕಿಸ್ತಾನಿ ಮೂಲದ ಪ್ರೇಕ್ಷಕರೇ. ಈ ಸಾಜಿದ್ ಅಮೀರ್‌ರ ಸೋದರ ಸಂಬಂಧಿ, ಬೋಲ್ಟನ್‌ನವರೇ. ಒಂದೇ ಮನೆತನದ ಇಬ್ಬರು ಹುಡುಗರಲ್ಲಿ ಒಬ್ಬನ ನಿಷ್ಠೆಯನ್ನು ಹೊರಗಿನವರು ಪರೀಕ್ಷಿಸಿದರು, ಮತ್ತೊಬ್ಬನ ನಿಷ್ಠೆಯನ್ನು ಸ್ವಂತದವರೇ ಪ್ರಶ್ನಿಸಿದರು. ಆಟಗಾರನನ್ನು ಆಟಗಾರನಾಗಿ ನೋಡಲು ಇಬ್ಬರಿಗೂ ಸಾಧ್ಯವಾಗಲಿಲ್ಲ.

ವೃತ್ತಿಪರ ಬಾಕ್ಸಿಂಗ್‌ನ ತರ್ಕವೇ ಬೇರೆ. ತಲೆಯ ಕವಚವಿಲ್ಲ. ಕೈಗವಸು ಹಗುರ. ಪ್ರಶಸ್ತಿ ಪಂದ್ಯವೆಂದರೆ ಮೂರು ಮೂರು ನಿಮಿಷಗಳ ಹನ್ನೆರಡು ಸುತ್ತು. ಅಂಕಗಳೇನೋ ಇವೆ, ಆದರೆ ಟಿಕೆಟ್ ಮಾರುವುದು ನಾಕೌಟ್. ಎದುರಾಳಿ ಕುಸಿದು ಬಿದ್ದ ದೃಶ್ಯವೇ ಮುಂದಿನ ಪಂದ್ಯದ ಜಾಹೀರಾತು. 2007ರ ಜುಲೈಯಲ್ಲಿ ಸ್ಕಾಟ್ಲೆಂಡಿನ ವಿಲ್ಲಿ ಲಿಮಂಡ್‌ರನ್ನು ಮಣಿಸಿ ಅಮೀರ್ ಕಾಮನ್‌ವೆಲ್ತ್ ಲೈಟ್‌ವೇಟ್ ಪ್ರಶಸ್ತಿ ಪಡೆದರು. 2008ರ ಸೆಪ್ಟೆಂಬರ್ 6ರಂದು ಮ್ಯಾಂಚೆಸ್ಟರ್‌ನಲ್ಲಿ ಕೊಲಂಬಿಯಾದ ಬ್ರೀಡಿಸ್ ಪ್ರೆಸ್ಕಾಟ್ ಅಮೀರ್‌ರನ್ನು 54 ಸೆಕೆಂಡುಗಳಲ್ಲಿ ನೆಲಕ್ಕುರುಳಿಸಿದರು. ನಾಲ್ಕು ವರ್ಷ ಹೊಗಳಿದ ಲೇಖನಿಗಳು ಆತನ ದವಡೆ ಗಾಜಿನದೆಂದು ಗೇಲಿ ಮಾಡಿದವು.

ಅಮೀರ್ ಎದ್ದು ನಿಂತ ಬಗೆಯನ್ನು ಮೆಚ್ಚಲೇಬೇಕು. ಲಾಸ್ ಏಂಜಲೀಸ್‌ಗೆ ಹೋಗಿ ಫ್ರೆಡ್ಡಿ ರೋಚ್‌ರ ಗರಡಿಯಲ್ಲಿ ಮೊದಲಿನಿಂದ ಕಲಿತರು. ಹತ್ತು ತಿಂಗಳು ಕಳೆದು, 2009ರ ಜುಲೈ 18ರಂದು, ಉಕ್ರೇನಿನ ಆಂಡ್ರಿಯಸ್ ಕೊಟೆಲ್ನಿಕ್‌ರನ್ನು ಸೋಲಿಸಿ ಲೈಟ್-ವೆಲ್ಟರ್‌ವೇಟ್ ವಿಶ್ವ ಚಾಂಪಿಯನ್ ಆದರು. ಆಗ ವಯಸ್ಸು 22. ಅದೇ ವರ್ಷದ ಡಿಸೆಂಬರಿನಲ್ಲಿ ಎದುರಾದವರು ಸಬ್ಬತ್ ದಿನ ರಿಂಗಿಗಿಳಿಯದ ನಿಷ್ಠಾವಂತ ಯಹೂದಿ ಬಾಕ್ಸರ್ ಡಿಮಿಟ್ರಿ ಸಲಿಟ. 2010ರಲ್ಲಿ ಅರ್ಜೆಂಟೀನಾದ ಮಾರ್ಕೋಸ್ ಮೈದಾನ ವಿರುದ್ಧ ಹತ್ತನೇ ಸುತ್ತಿನಲ್ಲಿ ತತ್ತರಿಸಿಯೂ ಬೀಳದೆ ಗೆದ್ದ ಪಂದ್ಯವನ್ನು ಅಮೆರಿಕದ ಬಾಕ್ಸಿಂಗ್ ಬರಹಗಾರರು ಆ ವರ್ಷದ ಶ್ರೇಷ್ಠ ಪಂದ್ಯವೆಂದು ಆರಿಸಿದರು. 2011ರಲ್ಲಿ ಝಾಬ್ ಜುಡಾರನ್ನು ಸೋಲಿಸಿದಾಗ ಎರಡು ಸಂಸ್ಥೆಗಳ ವಿಶ್ವ ಪ್ರಶಸ್ತಿ ಒಟ್ಟಿಗೆ ಕೈಸೇರಿತು.

ಶಿಖರದಿಂದ ಇಳಿಯುವ ದಾರಿ ಅಲ್ಲಿಂದಲೇ ಆರಂಭವಾಯಿತು. 2011ರ ಡಿಸೆಂಬರಿನಲ್ಲಿ ವಾಷಿಂಗ್ಟನ್‌ನಲ್ಲಿ ಲಾಮಂಟ್ ಪೀಟರ್‌ಸನ್‌ಗೆ ಸೋತರು. ಮರುವರ್ಷ ಪೀಟರ್‌ಸನ್ ನಿಷಿದ್ಧ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. 2012ರ ಜುಲೈಯಲ್ಲಿ ಡ್ಯಾನಿ ಗಾರ್ಸಿಯಾ ನಾಲ್ಕನೇ ಸುತ್ತಿನಲ್ಲಿ ಉರುಳಿಸಿದರು. 2016ರ ಮೇ 7ರಂದು ಲಾಸ್ ವೆಗಾಸ್‌ನಲ್ಲಿ, ಹುಡುಗನಾಗಿ 60 ಕೆ.ಜಿ.ಯಲ್ಲಿ ಸೆಣಸಿದ್ದ ಅಮೀರ್ 70 ಕೆ.ಜಿ.ಯ ತೂಕಕ್ಕೆ ಮೈ ಬೆಳೆಸಿ ಮೆಕ್ಸಿಕೋದ ಕನೆಲೊ ಅಲ್ವಾರೆಝ್ ಎದುರು ನಿಂತರು. ಆರನೇ ಸುತ್ತಿನ ಒಂದೇ ಏಟಿಗೆ ಪ್ರಜ್ಞೆ ತಪ್ಪಿ ಬಿದ್ದರು. ಗೆದ್ದ ಅಲ್ವಾರೆಝ್ ಸಂಭ್ರಮ ಬಿಟ್ಟು ಪಕ್ಕದಲ್ಲಿ ಮೊಣಕಾಲೂರಿ ಕುಳಿತು ಆತಂಕದಿಂದ ನೋಡಿದರು. ಅಂತಹ ತೂಕದ ಅಂತರದ ಪಂದ್ಯವನ್ನು ಅಮೆಚೂರ್ ಕ್ಲಬ್ಬೊಂದು ಎಂದಿಗೂ ಏರ್ಪಡಿಸುತ್ತಿರಲಿಲ್ಲ. ಮಾರುಕಟ್ಟೆ ಏರ್ಪಡಿಸಿತು, ಏಕೆಂದರೆ ಅದು ಮಾರಾಟವಾಗುತ್ತದೆ. ವೆಗಾಸ್‌ನ ಜೂಜುಕೋರರ ಹೋಟೆಲುಗಳು ಇಂತಹ ಪಂದ್ಯಗಳಿಗೆ ಹಣ ಸುರಿಯುವುದು ಕ್ರೀಡಾಪ್ರೇಮದಿಂದಲ್ಲ. ಪಂದ್ಯ ನೋಡಲು ಬಂದವರು ಜೂಜಿನ ಮೇಜಿಗೂ ಬರುತ್ತಾರೆಂಬ ಲೆಕ್ಕಾಚಾರದಿಂದ.

2019ರಲ್ಲಿ ಟೆರೆನ್ಸ್ ಕ್ರಾಫರ್ಡ್‌ಗೆ, 2022ರ ಫೆಬ್ರವರಿಯಲ್ಲಿ ಸ್ವದೇಶದ ಕೆಲ್ ಬ್ರೂಕ್‌ಗೆ ಸೋತ ನಂತರ ಆ ವರ್ಷದ ಮೇ ತಿಂಗಳಲ್ಲಿ ಅಮೀರ್ ನಿವೃತ್ತಿ ಘೋಷಿಸಿದರು. 40 ಪಂದ್ಯ, 34 ಗೆಲುವು, 6 ಸೋಲು. ಬ್ರೂಕ್ ಪಂದ್ಯದ ನಂತರದ ಪರೀಕ್ಷೆಯಲ್ಲಿ ಓಸ್ಟರೀನ್ ಎಂಬ ನಿಷಿದ್ಧ ಪದಾರ್ಥ ಪತ್ತೆಯಾಗಿ 2023ರಲ್ಲಿ ಎರಡು ವರ್ಷಗಳ ನಿಷೇಧ ಪ್ರಕಟವಾಯಿತು. ಉದ್ದೇಶಪೂರ್ವಕ ಸೇವನೆಯಲ್ಲವೆಂದು ವಿಚಾರಣಾ ಮಂಡಳಿ ಒಪ್ಪಿತು. ಆದರೆ ದೇಹದೊಳಗೆ ಸೇರಿದ್ದಕ್ಕೆ ಆಟಗಾರನೇ ಹೊಣೆ ಎಂಬುದು ನಿಯಮ. ಪೀಟರ್‌ಸನ್ ಸಿಕ್ಕಿಬಿದ್ದಾಗ ಆಕ್ರೋಶಗೊಂಡ ಅಭಿಮಾನಿಗಳು ಇದಕ್ಕೂ ಅದೇ ಅಳತೆಗೋಲನ್ನು ಬಳಸಬೇಕಾದುದು ನ್ಯಾಯ. ನಮ್ಮವನೆಂಬ ಕಾರಣಕ್ಕೆ ತಕ್ಕಡಿಯನ್ನು ವಾಲಿಸಲು ಪವಿತ್ರ ಕುರ್‌ಆನ್ ಯಾರಿಗೂ ಅನುಮತಿ ನೀಡಿಲ್ಲ.

ಇನ್ನು ಮೂಲ ಪ್ರಶ್ನೆಗೆ ಬರೋಣ. ತಲೆಗೆ ಪದೇ ಪದೇ ಬೀಳುವ ಏಟು ಮೆದುಳನ್ನು ಕೆಡಿಸುತ್ತದೆಂದು ಹ್ಯಾರಿಸನ್ ಮಾರ್ಟ್‌ಲೆಂಡ್ ಎಂಬ ಅಮೆರಿಕನ್ ವೈದ್ಯರು ಬರೆದದ್ದು 1928ರಲ್ಲಿ. ಬ್ರಿಟಿಷ್ ವೈದ್ಯಕೀಯ ಸಂಘ 1982ರಲ್ಲಿ ಬಾಕ್ಸಿಂಗ್ ನಿಷೇಧಕ್ಕೆ ಕರೆ ನೀಡಿತು. ಅದೇ 1982ರ ನವೆಂಬರ್ 13ರಂದು ಲಾಸ್ ವೆಗಾಸ್‌ನಲ್ಲಿ ರೇ ಮಾನ್ಸಿನಿ ವಿರುದ್ಧ ವಿಶ್ವ ಲೈಟ್‌ವೇಟ್ ಪ್ರಶಸ್ತಿಗಾಗಿ ಸೆಣಸಿದ ಕೊರಿಯಾದ ಕಿಮ್ ಡುಕ್-ಕೂ ಹದಿನಾಲ್ಕನೇ ಸುತ್ತಿನಲ್ಲಿ ಬಿದ್ದವರು ಮತ್ತೆ ಕಣ್ಣು ತೆರೆಯಲಿಲ್ಲ. ಕೆಲವೇ ದಿನಗಳಲ್ಲಿ ಮೃತಪಟ್ಟರು. ಹದಿನೈದು ಸುತ್ತುಗಳ ಪ್ರಶಸ್ತಿ ಪಂದ್ಯಗಳನ್ನು ಹನ್ನೆರಡಕ್ಕೆ ಇಳಿಸಿದ್ದು ಆ ಸಾವಿನ ನಂತರ. ಲೈಟ್‌ವೇಟ್ ಎಂಬ ಪದ ಕೇಳಲು ಹಗುರ. ಅಲ್ಲಿ ಬೀಳುವ ಏಟು ಹಗುರವಲ್ಲ. ಮುಸ್ಲಿಮ್ ಜಗತ್ತು ಅತ್ಯಂತ ಪ್ರೀತಿಸಿದ ಬಾಕ್ಸರ್ ಮುಹಮ್ಮದ್ ಅಲಿಯವರಿಗೆ 1984ರಲ್ಲಿ ಪಾರ್ಕಿನ್ಸನ್ ರೋಗವಿದೆಯೆಂದು ತಿಳಿಯಿತು. ಮಾತಿನ ಮಲ್ಲನೆನಿಸಿದ್ದ ಅವರು 2016ರಲ್ಲಿ ತೀರಿಕೊಳ್ಳುವ ವರೆಗಿನ ಬಹುಪಾಲು ವರ್ಷಗಳನ್ನು ನಡುಗುವ ಕೈಗಳೊಂದಿಗೆ, ಕುಂದಿದ ದನಿಯೊಂದಿಗೆ ಕಳೆದರು.

ಶರೀರವು ಅಲ್ಲಾಹನು ವಹಿಸಿಕೊಟ್ಟ ಅಮಾನತ್ತು ಎಂದು ನಂಬುವವರಿಗೆ ಇದು ವೈದ್ಯಕೀಯ ವಿಷಯ ಮಾತ್ರವಲ್ಲ. ಹೊಡೆದಾಟದ ಸಂದರ್ಭದಲ್ಲಿಯೂ ಮುಖಕ್ಕೆ ಹೊಡೆಯಬಾರದೆಂದು ಪ್ರವಾದಿ ಮುಹಮ್ಮದ್(ಸ)ರು ತಡೆದಿರುವುದು ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಸಂಗ್ರಹಗಳಲ್ಲಿ ವರದಿಯಾಗಿದೆ. 1987ರಲ್ಲಿ ಮಕ್ಕಾದಲ್ಲಿ ಸೇರಿದ ಮುಸ್ಲಿಮ್ ವರ್ಲ್ಡ್ ಲೀಗ್‌ನ ಫಿಕ್ಹ್ ಮಂಡಳಿಯು, ಎದುರಾಳಿಯನ್ನು ಗಾಯಗೊಳಿಸುವುದನ್ನೇ ಗುರಿಯಾಗಿಸಿಕೊಂಡ ಬಾಕ್ಸಿಂಗ್ ಧರ್ಮಸಮ್ಮತವಲ್ಲವೆಂದು ತೀರ್ಪಿತ್ತಿತು. ಆದರೆ 2019ರ ಜುಲೈಯಲ್ಲಿ ಅಮೀರ್ ಖಾನ್ ಮತ್ತು ಲೆಬನಾನ್ ಮೂಲದ ಆಸ್ಟ್ರೇಲಿಯದ ಮುಸ್ಲಿಮ್ ಬಾಕ್ಸರ್ ಬಿಲ್ಲಿ ದಿಬ್ ಪರಸ್ಪರ ಸೆಣಸಿದ್ದು ಎಲ್ಲಿ? ಅದೇ ಮಕ್ಕಾದ ನೆರೆಯ ಜಿದ್ದಾದಲ್ಲಿ. ಭಾರತದ ನೀರಜ್ ಗೋಯತ್ ಆಡಬೇಕಿದ್ದ ಪಂದ್ಯವದು. ಅವರು ರಸ್ತೆ ಅಪಘಾತದಲ್ಲಿ ಗಾಯಗೊಂಡದ್ದರಿಂದ ದಿಬ್ ಬಂದರು. ಆನಂತರದ ವರ್ಷಗಳಲ್ಲಿ ಜಗತ್ತಿನ ದೊಡ್ಡ ದೊಡ್ಡ ಪಂದ್ಯಗಳು ರಿಯಾದ್‌ಗೆ ಸ್ಥಳಾಂತರಗೊಂಡವು. ವಿದ್ವಾಂಸರ ತೀರ್ಪು ಕಡತದಲ್ಲಿ ಉಳಿಯಿತು, ಅರಸರ ಹಣ ರಿಂಗಿನಲ್ಲಿ ಕುಣಿಯಿತು. ತನ್ನ ರಾಜಕೀಯ ಪ್ರತಿಷ್ಠೆಗಾಗಿ ಕ್ರೀಡೆಯನ್ನು ಕೊಳ್ಳುವ ಪ್ರಭುತ್ವಗಳನ್ನು ಪಶ್ಚಿಮದಲ್ಲಿ ಮಾತ್ರ ಹುಡುಕುವ ನಮ್ಮ ಅಭ್ಯಾಸ ಬದಲಾಗಬೇಕು.

ಹಾಗಾದರೆ ಅಮೀರ್ ಖಾನ್‌ರ ಬದುಕು ವ್ಯರ್ಥವೇ? ಖಂಡಿತ ಅಲ್ಲ. 2014ರಲ್ಲಿ ಫ್ಲಾಯ್ಡ್ ಮೇವೆದರ್ ವಿರುದ್ಧ ಸೆಪ್ಟೆಂಬರ್ ಪಂದ್ಯದ ಮಾತು ಎದ್ದಾಗ, ರಮಝಾನ್ ಉಪವಾಸದ ಕಾರಣದಿಂದ ಆ ವೇಳೆಗೆ ಸಿದ್ಧವಾಗಲಾಗದು ಎಂದು ತಿಳಿಸಿದರು. ಕೋಟಿಗಟ್ಟಲೆ ಹಣದೆದುರು ಉಪವಾಸವನ್ನು ಆರಿಸುವುದು ಸಣ್ಣ ಮಾತಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಪೇಶಾವರದ ಶಾಲೆಯಲ್ಲಿ ಮಕ್ಕಳ ಹತ್ಯಾಕಾಂಡ ನಡೆದಾಗ, ಚಿನ್ನದ ಎಳೆಗಳಿದ್ದ ತಮ್ಮ ಪಂದ್ಯದ ಉಡುಪನ್ನು ಶಾಲೆಯ ಪುನರ್ನಿರ್ಮಾಣಕ್ಕೆ ಕೊಡುವುದಾಗಿ ಘೋಷಿಸಿದರು. ತಮ್ಮ ಹೆಸರಿನ ಸೇವಾ ಸಂಸ್ಥೆಯನ್ನೂ ಸ್ಥಾಪಿಸಿದರು. ಗುಣವಿರುವಲ್ಲಿ ಗುಣವನ್ನು ಒಪ್ಪಿಕೊಳ್ಳಬೇಕು. ಆದರೆ ಈ ಗುಣಗಳು ಸೊಂಟಕ್ಕೆ ಕಟ್ಟಿದ ಚಾಂಪಿಯನ್ ಬೆಲ್ಟ್‌ನಿಂದ ಬಂದವಲ್ಲ. ಶಿಸ್ತು, ಸಹನೆ, ಸೋತವನಿಗೆ ಕೈ ನೀಡುವ ಸೌಜನ್ಯ, ಇವೆಲ್ಲ ರೂಪುಗೊಂಡದ್ದು ಹನ್ನೊಂದರಿಂದ ಹದಿನೇಳರವರೆಗಿನ ವಯಸ್ಸಿನಲ್ಲಿ. ಮನೆಯಲ್ಲಿ ಮತ್ತು ಸಣ್ಣ ಪಟ್ಟಣದ ಒಂದು ಕ್ಲಬ್ಬಿನಲ್ಲಿ.

ಈ ಮಾತು ಬ್ರಿಟನ್ನಿಗೆ ಮಾತ್ರ ಸಲ್ಲುವುದಲ್ಲ. ನೆರೆಯ ತೆಲಂಗಾಣದ ನಿಝಾಮಾಬಾದ್ ಪಟ್ಟಣದಿಂದ ಬಂದ ನಿಖತ್ ಝರೀನ್ 2022ರಲ್ಲಿ ಇಸ್ತಾಂಬುಲ್‌ನಲ್ಲಿಯೂ 2023ರಲ್ಲಿ ದಿಲ್ಲಿಯಲ್ಲಿಯೂ ವಿಶ್ವ ಚಾಂಪಿಯನ್ ಆದರು. ಅದೇ ಪಟ್ಟಣದ ಮುಹಮ್ಮದ್ ಹುಸಾಮುದ್ದೀನ್ 2018 ಮತ್ತು 2022ರ ಕಾಮನ್‌ವೆಲ್ತ್ ಕ್ರೀಡಾಕೂಟಗಳಲ್ಲಿ ಕಂಚು ಗೆದ್ದರು. ಇಬ್ಬರಿಗೂ ಮೊದಲ ಪಾಠ ಹೇಳಿಕೊಟ್ಟವರು ಒಬ್ಬರೇ, ಹುಸಾಮುದ್ದೀನ್‌ರ ತಂದೆ. ಒಂದು ಪಟ್ಟಣ, ಒಬ್ಬ ಗುರು, ಇಬ್ಬರು ಅಂತಾರಾಷ್ಟ್ರೀಯ ವಿಜೇತರು. ಬ್ಯುರಿಯಲ್ಲಿ ನಡೆದದ್ದೇ ನಿಝಾಮಾಬಾದ್‌ನಲ್ಲಿಯೂ ನಡೆಯಿತು.

ನಮ್ಮ ಪಟ್ಟಣಗಳ ಮೊಹಲ್ಲಾಗಳಲ್ಲಿ ಸಂಜೆಯ ಹೊತ್ತು ಹುಡುಗರು ಎಲ್ಲಿರುತ್ತಾರೆಂದು ಪ್ರತಿಯೊಬ್ಬ ತಂದೆಯೂ ತನ್ನನ್ನು ಕೇಳಿಕೊಳ್ಳಲಿ. ಮದುವೆಯ ಸಭಾಂಗಣಕ್ಕೆ ಲಕ್ಷಗಟ್ಟಲೆ ಹಣ ಕೂಡಿಸಬಲ್ಲ ಜಮಾಅತ್, ಮಕ್ಕಳು ಬೆವರು ಸುರಿಸಲು ಒಂದು ಅಂಗಳವನ್ನೂ ಅವರನ್ನು ತಿದ್ದಲು ಒಬ್ಬ ಶಿಕ್ಷಕನನ್ನೂ ಏಕೆ ಒದಗಿಸಲಾರದು? ಮುಖಕ್ಕೆ ಏಟಿಲ್ಲದ ಆಟಗಳು ಬೇಕಾದಷ್ಟಿವೆ: ಓಟ, ಈಜು, ಕುಸ್ತಿ, ಜೂಡೋ, ಕಬಡ್ಡಿ. ಪ್ರವಾದಿ(ಸ)ರು ಹಝ್ರತ್ ಆಯಿಶಾ(ರ)ರೊಂದಿಗೆ ಓಡಿದ್ದೂ ರುಕಾನಾ ಎಂಬ ಜಟ್ಟಿಯೊಂದಿಗೆ ಕುಸ್ತಿ ಹಿಡಿದದ್ದೂ ವರದಿಯಾಗಿದೆ. ಗಟ್ಟಿಮುಟ್ಟಾದ ವಿಶ್ವಾಸಿ ದುರ್ಬಲನಿಗಿಂತ ಮೇಲೆಂದು ಕಲಿಸಿದ ಧರ್ಮವು ಮಕ್ಕಳನ್ನು ಗಲ್ಲಿಯ ಮೂಲೆಯಲ್ಲಿ ಕೂರಿಸಿಡುವಂತೆ ಹೇಳಿಲ್ಲ. ಆ ಅಂಗಳಕ್ಕೆ ನೆರೆಯ ಹಿಂದೂ, ಕ್ರೈಸ್ತ ಮಕ್ಕಳೂ ಬರಲಿ. ಒಟ್ಟಿಗೆ ಬಿದ್ದು ಎದ್ದ ಮಕ್ಕಳನ್ನು ನಾಳೆ ಪರಸ್ಪರರ ವಿರುದ್ಧ ಎತ್ತಿಕಟ್ಟುವುದು ಅಷ್ಟು ಸುಲಭವಲ್ಲ.

ಸಮುದಾಯದ ಮಾನವು ಯಾವ ಬಾಕ್ಸರನ ಮುಷ್ಟಿಯಲ್ಲೂ ಇಲ್ಲ, ಆತನ ಸೋಲಿನಿಂದ ಅದು ಕಳೆದುಹೋಗುವುದೂ ಇಲ್ಲ. ತನ್ನ ಮಕ್ಕಳ ಹತ್ತರಿಂದ ಹದಿನೆಂಟರವರೆಗಿನ ವರ್ಷಗಳನ್ನು ಅದು ಹೇಗೆ ಕಾಯುತ್ತದೆ ಎಂಬುದರಲ್ಲಿ ಅದರ ಮಾನವಿದೆ. ವಿಜೇತರಿಗೆ ಶಾಲು ಹೊದಿಸಲು ಎಲ್ಲರೂ ಮುಂದೆ ಬರುತ್ತಾರೆ. ಯಾವ ಹೆಸರೂ ಇಲ್ಲದ ಹುಡುಗನಿಗೆ ದಿನವೂ ಸಂಜೆ ಬಾಗಿಲು ತೆರೆದಿಡುವ ಒಬ್ಬ ಗುರುವನ್ನು ನಮ್ಮ ಪ್ರತಿಯೊಂದು ಮೊಹಲ್ಲಾ ಮೊದಲು ಹುಡುಕಿಕೊಳ್ಳಲಿ.